ಬಿವಿ-ಬಿಆರ್‌ಸಿ: ಬ್ಯಾಕ್ಟೀರಿಯಾ ತಳಿಗಳ ಜೀನೋಮ್ ಹೋಲಿಕೆಗೊಂದು ಉಚಿತ ಸೇವೆ

ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಾಲೇಜುಗಳಲ್ಲಿ ಸೂಕ್ಷ್ಮಜೀವಶಾಸ್ತ್ರ ಓದುತ್ತಿರುವ ಎಂ.ಎಸ್ಸಿ. ವಿದ್ಯಾರ್ಥಿಗಳು ಜೀನೋಮ್ (ಜೀವಿಯ ಸಂಪೂರ್ಣ ಡಿಎನ್‌ಎ) ಹೋಲಿಕೆಯನ್ನು ಸ್ವತಃ ಮಾಡಿ ಕಲಿಯಬೇಕೆಂದಿದ್ದರೆ, ನಾನು ಮೊದಲು ಸೂಚಿಸುವುದು ಬಿವಿ-ಬಿಆರ್‌ಸಿ ಎಂಬ ಅಂತರ್ಜಾಲ ಸೇವೆಯನ್ನು. ಅಮೆರಿಕ ಸರ್ಕಾರದ ಅನುದಾನದಲ್ಲಿ ನಡೆಯುವ ಇದಕ್ಕೆ ಶುಲ್ಕವಿಲ್ಲ. ಲೆಕ್ಕಾಚಾರವೆಲ್ಲ ಅವರ ಸರ್ವರ್‌ಗಳಲ್ಲಿಯೇ ನಡೆಯುವುದರಿಂದ ಕಾಲೇಜಿನ ಸಾಧಾರಣ ಕಂಪ್ಯೂಟರ್ ಸಾಕಾಗುತ್ತದೆ.

ಬೆಳಗಾವಿಯ ನಮ್ಮ ಪ್ರಯೋಗ ತರಗತಿಯಲ್ಲಿ ನಾವು ಹೋಲಿಸುವುದು ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಎರಡು ತಳಿಗಳನ್ನು: ಒಂದು, 1997ರಲ್ಲಿ ಜೀನೋಮ್ ಪ್ರಕಟವಾದ, ರೋಗ ತಾರದ ಕೆ-12, ಇನ್ನೊಂದು, 1982ರಲ್ಲಿ ಮಿಷಿಗನ್‌ನಲ್ಲಿ ರಕ್ತಭೇದಿಗೆ ಕಾರಣವಾದ ಮಾಂಸದಿಂದ ದೊರೆತ ಒ157:ಎಚ್7 ಗುಂಪಿನ ಇಡಿಎಲ್933. ಮೊದಲನೆಯದರಲ್ಲಿ ಸುಮಾರು 46 ಲಕ್ಷ ಬೇಸ್ ಜೋಡಿಗಳಿದ್ದರೆ (ಡಿಎನ್‌ಎಯ ಉದ್ದವನ್ನು ಅಳೆಯುವ ಘಟಕ) ಎರಡನೆಯದರಲ್ಲಿ ಸುಮಾರು 55 ಲಕ್ಷ ಇವೆ. ಕೆ-12ರಲ್ಲಿ ಇಲ್ಲದ 1,387 ವಂಶವಾಹಿಗಳು ಇಡಿಎಲ್933ರಲ್ಲಿವೆ ಎಂದು 2001ರಲ್ಲಿ ವರದಿಯಾಯಿತು. ಅವುಗಳಲ್ಲಿ ಶಿಗಾ ವಿಷದ ವಂಶವಾಹಿಗಳು ಬ್ಯಾಕ್ಟೀರಿಯೋಫಾಜ್ (ಬ್ಯಾಕ್ಟೀರಿಯಾಕ್ಕೆ ಸೋಂಕು ತಗುಲಿಸುವ) ವೈರಸ್‌ಗಳ ಮೂಲಕ ಬಂದು ಸೇರಿದಂಥವು. ಕರುಳಿನ ಗೋಡೆಗೆ ಬಲವಾಗಿ ಅಂಟಿಕೊಳ್ಳಲು ನೆರವಾಗುವ ಇಂಟಿಮಿನ್ ಎಂಬ ಪ್ರೋಟೀನಿನ ವಂಶವಾಹಿಯು ಎಲ್‌ಇಇ ಎಂಬ ರೋಗಕಾರಕ ದ್ವೀಪದಲ್ಲಿದೆ, ಅಂದರೆ ರೋಗ ತರುವ ವಂಶವಾಹಿಗಳು ಒಟ್ಟಾಗಿರುವ ಡಿಎನ್‌ಎ ಭಾಗದಲ್ಲಿದೆ.

ಇದನ್ನೆಲ್ಲ ಕಣ್ಣಿಗೆ ಕಾಣಿಸುವುದು ಬಿವಿ-ಬಿಆರ್‌ಸಿಯಲ್ಲಿರುವ, ತಳಿಗಳ ಪ್ರೋಟೀನ್‌ಗಳನ್ನು ಹೋಲಿಸುವ ಪ್ರೋಟಿಯೋಮ್ ಕಂಪ್ಯಾರಿಸನ್ ಸಾಧನ. ಅದು ಬಿಡಿಸುವ ವೃತ್ತಾಕಾರದ ಚಿತ್ರದಲ್ಲಿ ಹೋಲಿಕೆ ಹೆಚ್ಚಿದ್ದಲ್ಲಿ ನೀಲಿಯೂ ಕಡಿಮೆಯಾದಂತೆ ಕೆಂಪಿನತ್ತ ಸರಿಯುವ ಬಣ್ಣಗಳೂ ಇರುತ್ತವೆ. ಹೋಲುವ ಪ್ರೋಟೀನ್ ಇಲ್ಲದಿದ್ದಲ್ಲಿ ಜಾಗ ಖಾಲಿ ಉಳಿಯುತ್ತದೆ. ಆದರೆ ಚಿತ್ರವು ಆಧಾರವಾಗಿ ಆಯ್ದ ಜೀನೋಮ್‌ನಲ್ಲಿರುವ ವಂಶವಾಹಿಗಳನ್ನಷ್ಟೇ ತೋರಿಸುತ್ತದೆ. ಆದ್ದರಿಂದ ಕೆ-12ನ್ನು ಆಧಾರವಾಗಿಟ್ಟರೆ ನಾವು ಹುಡುಕುತ್ತಿರುವ ಶಿಗಾ ವಿಷದ ವಂಶವಾಹಿಗಳೇ ಚಿತ್ರದಲ್ಲಿ ಬರುವುದಿಲ್ಲ. ರೋಗಕಾರಕ ತಳಿಯನ್ನೇ ಆಧಾರವಾಗಿಡಬೇಕು.

ರೋಗಕಾರಕ ಅಂಶಗಳ ಪಟ್ಟಿಯೂ ಇಲ್ಲಿ ಸಿದ್ಧವಾಗಿ ದೊರೆಯುತ್ತದೆ, ಆದರೆ ಅದನ್ನು ಬಹಳ ಎಚ್ಚರದಿಂದ ಓದಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಂಟಿಕೊಳ್ಳಲು ಬೇಕಾದ ಫಿಂಬ್ರಿಯಾ ಎಂಬ ಕೂದಲಿನಂಥ ಎಳೆಗಳು, ಕಬ್ಬಿಣವನ್ನು ಸೆಳೆದುಕೊಳ್ಳುವ ಎಂಟೆರೋಬ್ಯಾಕ್ಟಿನ್ ಮುಂತಾದವುಗಳ ವಂಶವಾಹಿಗಳು ನಿರುಪದ್ರವಿಯಾದ ಕೆ-12ರಲ್ಲಿಯೂ ಇರುವುದರಿಂದ, ಅದರ ಹೆಸರಿನ ಕೆಳಗೂ ಇಂಥ ಪಟ್ಟಿ ಬರುತ್ತದೆ. ಪ್ರಬಂಧ ಬರೆಯುವವರು ತಮ್ಮ ತಳಿಯ ಪಟ್ಟಿಯಿಂದ ಕೆ-12ರ ಪಟ್ಟಿಯನ್ನು ಕಳೆದು, ಉಳಿದದ್ದರ ಬಗ್ಗೆ ಮಾತ್ರ ವಾದ ಮಂಡಿಸಬೇಕು. ಆಗಲೂ ವಂಶವಾಹಿ ಇದೆಯೆಂಬುದು ತಿಳಿಯುತ್ತದೆಯೇ ಹೊರತು, ಅದು ದೇಹದೊಳಗೆ ಕೆಲಸ ಮಾಡುತ್ತಿದೆಯೆಂಬುದು ತಿಳಿಯುವುದಿಲ್ಲ. ಇನ್ನು, ಒ157ರಲ್ಲಿ ಒಂದನ್ನೊಂದು ಹೋಲುವ ಫಾಜ್‌ಗಳು ಹಲವಿರುವುದರಿಂದ, ಚಿಕ್ಕ ತುಣುಕುಗಳಿಂದ ಜೋಡಿಸಿದ ಜೀನೋಮ್ ಅಲ್ಲಲ್ಲಿ ತುಂಡಾಗಿರುತ್ತದೆ. ಅಂಥಲ್ಲಿ ವಂಶವಾಹಿ ಕಾಣದಿದ್ದರೆ ಅದು ಇಲ್ಲವೆಂದು ಬರೆದುಬಿಡಬಾರದು.

ಸೀಕ್ವೆನ್ಸಿಂಗ್‌ನ (ಡಿಎನ್‌ಎಯ ಅನುಕ್ರಮವನ್ನು ಓದುವ ಕೆಲಸದ) ಕಚ್ಚಾ ದತ್ತಾಂಶದ ಗಾತ್ರ ದೊಡ್ಡದು. ಅದು ಎಸ್‌ಆರ್‌ಎ ಎಂಬ ಸಾರ್ವಜನಿಕ ದತ್ತಾಂಶ ಸಂಗ್ರಹದಲ್ಲಿ ಈಗಾಗಲೇ ಇದ್ದರೆ ಅಲ್ಲಿನ ಸಂಖ್ಯೆಯನ್ನು ಕೊಟ್ಟರೆ ಸರ್ವರ್ ತಾನೇ ತರಿಸಿಕೊಳ್ಳುತ್ತದೆ. ಜೋಡಿಸಿದ ಜೀನೋಮ್ ಸುಮಾರು 5 ಎಂಬಿಯಷ್ಟೇ ಇರುವುದರಿಂದ ಅದನ್ನು ಹಾಸ್ಟೆಲಿನಿಂದಲೂ ಕಳುಹಿಸಬಹುದು. ನೂರಾರು ತಳಿಗಳನ್ನು ಒಟ್ಟಿಗೆ ಹೋಲಿಸಬೇಕಾದವರಿಗೆ ಈ ವೃತ್ತಚಿತ್ರ ಸಾಲದು. ಅವರು ಲಿನಕ್ಸ್ ಕಲಿತು ಹಲವು ತಳಿಗಳ ವಂಶವಾಹಿಗಳನ್ನು ಒಟ್ಟಿಗೆ ಹೋಲಿಸುವ ಪನಾರೂವಿನಂಥ ತಂತ್ರಾಂಶವನ್ನು ಬಳಸುವುದು ಒಳ್ಳೆಯದು.