ಹಳೇ ಹೈಸ್ಕೂಲಿನ ಕಚೇರಿ: ಮೂವತ್ತು ವರ್ಷದ ಮೇಲೆ ದಾಖಲೆ ತೆಗೆಸುವ ಸೇವೆ ಹೇಗಿದೆ?

ಮೂರು ದಶಕದ ಮೇಲೆ ತಾವು ಓದಿದ ಸರ್ಕಾರಿ ಹೈಸ್ಕೂಲಿನ ಗೇಟು ದಾಟುವವರ ಕಂಕುಳಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಫೈಲು ಇರುತ್ತದೆ. ಮಗಳ ಜಾತಿ ಪ್ರಮಾಣಪತ್ರಕ್ಕೆ ಅಪ್ಪನ ಟಿ.ಸಿ. ಕೇಳಿರುತ್ತಾರೆ, ಇಲ್ಲವೇ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಆಧಾರ ಬೇಕಿರುತ್ತದೆ, ಕಲ್ಯಾಣ ಕರ್ನಾಟಕದವರಾದರೆ ಆ ಭಾಗದವರ ಮೀಸಲಾತಿಯ 371ಜೆ ಪ್ರಮಾಣಪತ್ರಕ್ಕೆ ಅಲ್ಲಿಯೇ ಓದಿದ್ದೇವೆಂದು ತೋರಿಸಬೇಕಿರುತ್ತದೆ. ಬಾಲ್ಯ ನೆನಪಾಗುವುದೆಲ್ಲ ಕೆಲಸ ಮುಗಿದ ಮೇಲೆ. ಆದ್ದರಿಂದ ಇಲ್ಲಿ ತೂಗಿ ನೋಡಿರುವುದು ಶಾಲೆಯ ಕಚೇರಿಯನ್ನು ಮಾತ್ರ.

ಅಂಕ ಕೊಡುವುದಾದರೆ ದಾಖಲೆ ಕಾಪಾಡಿದ್ದಕ್ಕೆ ಐದಕ್ಕೆ ನಾಲ್ಕು, ಹುಡುಕಿ ಕೊಡುವುದಕ್ಕೆ ಐದಕ್ಕೆ ಎರಡು. ದಾಖಲಾತಿ ರಿಜಿಸ್ಟರು ಎಂಬ ಆ ದಪ್ಪ ರಟ್ಟಿನ ಪುಸ್ತಕ ಗಟ್ಟಿ ಜೀವ. ಕಬ್ಬಿಣದ ಬೀರುವಿನಲ್ಲಿ, ಹಾಳೆಯ ಅಂಚು ಬೆಲ್ಲದ ಬಣ್ಣಕ್ಕೆ ತಿರುಗಿದ್ದರೂ ನೀಲಿ ಮಸಿಯ ಅಕ್ಷರ ಇವತ್ತಿಗೂ ಓದಲು ಬರುತ್ತದೆ. ಒಂದು ಸಾಲಿಗೆ ಒಬ್ಬ ವಿದ್ಯಾರ್ಥಿ: ಸಂಖ್ಯೆ, ಹೆಸರು, ತಂದೆಯ ಹೆಸರು, ಜಾತಿ, ಅಂಕಿಯಲ್ಲೂ ಅಕ್ಷರದಲ್ಲೂ ಜನ್ಮದಿನಾಂಕ, ಹಿಂದೆ ಓದಿದ ಶಾಲೆ, ಸೇರಿದ ದಿನ, ಬಿಟ್ಟ ದಿನ. ಆದರೆ ಹೆಸರಿನ ಅಕಾರಾದಿ ಸೂಚಿ ಎನ್ನುವುದು ಇಲ್ಲ. ಸೇರಿದ ಕ್ರಮದಲ್ಲೇ ಬರೆದಿರುವುದರಿಂದ ದಾಖಲಾತಿ ಸಂಖ್ಯೆ ಗೊತ್ತಿದ್ದವರಿಗೆ ಹತ್ತು ನಿಮಿಷ, ಗೊತ್ತಿಲ್ಲದವರಿಗೆ 'ನಾಳೆ ಬನ್ನಿ'.

ಇಲ್ಲಿ ಹೆಚ್ಚಿನವರು ಎಡವುವುದು ವರ್ಷ ಹೇಳುವುದರಲ್ಲಿ. '1991ರ ಬ್ಯಾಚು ಸಾರ್' ಅಂದರೆ ಗುಮಾಸ್ತರು 1991ರ ಹಾಳೆ ತೆಗೆದು ಕೂರುತ್ತಾರೆ. ಅಲ್ಲಿ ಇರುವುದು ಆ ವರ್ಷ ಎಂಟನೇ ತರಗತಿಗೆ ಸೇರಿದ ಮಕ್ಕಳ ಹೆಸರು. 1991ರ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಬರೆದವರು ಸೇರಿದ್ದು 1988ರ ಜೂನಿನಲ್ಲಿ. ನಡುವೆ ಒಂದು ವರ್ಷ ನಪಾಸಾಗಿದ್ದರೆ 1987. ಬೇರೆ ಊರಿಂದ ಒಂಬತ್ತಕ್ಕೆ ಬಂದು ಸೇರಿದವರಾದರೆ 1989ರ ಹಾಳೆಗಳಲ್ಲಿ. ಸಂಖ್ಯೆ ಕಳೆದುಹೋಗಿದ್ದರೆ ಇನ್ನೊಂದು ದಾರಿಯಿದೆ: ಜೊತೆಗೆ ಎಂಟಕ್ಕೆ ಸೇರಿದ ಯಾರಾದರೊಬ್ಬರ ಟಿ.ಸಿ. ಹುಡುಕಿಸಿ. ಅವರ ಸಂಖ್ಯೆಯ ಹಿಂದೆ ಮುಂದೆ ನಾಲ್ಕು ಹಾಳೆ ತಿರುವಿದರೆ ನಿಮ್ಮ ಹೆಸರೂ ಸಿಗುವ ಸಂಭವ ಹೆಚ್ಚು. ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಕ್ಕಳು ಅರ್ಜಿಯಲ್ಲಿ ತವರಿನ ಇನಿಷಿಯಲ್ಲಿನ ಹೆಸರನ್ನೇ ಬರೆಯಬೇಕು, ಈಗಿನ ಹೆಸರು ಅದರ ಕೆಳಗೆ.

ಶಾಲೆ ಅದೇ ಕಟ್ಟಡದಲ್ಲಿದ್ದರೂ ಯಜಮಾನಿಕೆ ಬದಲಾಗಿರಬಹುದು. ಎಷ್ಟೋ ಹೈಸ್ಕೂಲುಗಳು ಪದವಿಪೂರ್ವ ಕಾಲೇಜಾಗಿವೆ, ಕೆಲವು ಕರ್ನಾಟಕ ಪಬ್ಲಿಕ್ ಶಾಲೆಗಳಾಗಿವೆ. ಕಾಲೇಜಾದ ಕಡೆ ಪ್ರಾಂಶುಪಾಲರ ಕೊಠಡಿಯ ಮುಂದೆ ಕಾಯಬೇಡಿ, ಪ್ರೌಢಶಾಲಾ ವಿಭಾಗ ಇರುವುದು ಉಪ ಪ್ರಾಂಶುಪಾಲರ ಕೈಯಲ್ಲಿ. ಶಾಲೆಯೇ ಮುಚ್ಚಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯಲ್ಲಿ ವಿಚಾರಿಸಿ.

ಜಿಲ್ಲೆಯ ಹೆಸರಿನದು ಇನ್ನೊಂದು ಗೋಜಲು. 1997ರಲ್ಲಿ ಏಳು ಹೊಸ ಜಿಲ್ಲೆಗಳಾದವು. ಹಳೇ ಟಿ.ಸಿ.ಯ ಮೊಹರಿನಲ್ಲಿ ಧಾರವಾಡ ಜಿಲ್ಲೆ ಎಂದಿದ್ದ ಶಾಲೆ ಈಗ ಗದಗ ಇಲ್ಲವೇ ಹಾವೇರಿಯಲ್ಲಿ, ರಾಯಚೂರು ಎಂದಿದ್ದದ್ದು ಕೊಪ್ಪಳದಲ್ಲಿ, ದಕ್ಷಿಣ ಕನ್ನಡ ಎಂದಿದ್ದದ್ದು ಉಡುಪಿಯಲ್ಲಿ ಇರಬಹುದು. ನಮಗೆ ಇದು ಗೊತ್ತು, ಹೊರದೇಶದಲ್ಲಿ ಕಾಗದ ಪರಿಶೀಲಿಸುವವರಿಗೆ ಗೊತ್ತಿಲ್ಲ. ಹೊಸ ವ್ಯಾಸಂಗ ಪ್ರಮಾಣಪತ್ರದಲ್ಲಿ 'ಹಿಂದಿನ ಧಾರವಾಡ ಜಿಲ್ಲೆ, ಈಗಿನ ಗದಗ ಜಿಲ್ಲೆ' ಎಂದು ಬರೆಯುವಂತೆ ಮೊದಲೇ ಕೇಳಿಕೊಳ್ಳಿ. ಒಂದು ಸಾಲಿನ ಕೆಲಸ, ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ.

ಹೋಗುವ ಕಾಲದ ಲೆಕ್ಕವೂ ಇದೆ. ಜೂನ್ ಪೂರ್ತಿ ದಾಖಲಾತಿಯ ಗಲಾಟೆ, ಏಪ್ರಿಲ್-ಮೇ ಬೇಸಿಗೆ ರಜೆ, ಅಕ್ಟೋಬರಿನಲ್ಲಿ ದಸರಾ ರಜೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುವಾಗ ಶಾಲೆ ಕೇಂದ್ರವಾಗಿದ್ದರೆ ಸುತ್ತ 200 ಮೀಟರು ನಿಷೇಧಾಜ್ಞೆ, ಗೇಟಿನ ಹತ್ತಿರವೂ ಬಿಡರು. ಜುಲೈ ನಡುವಿನಿಂದ ಸೆಪ್ಟೆಂಬರ್ ತನಕ ಒಳ್ಳೆಯ ಸಮಯ. ಗುಮಾಸ್ತರ ಹುದ್ದೆ ಖಾಲಿ ಇರುವ ಶಾಲೆಗಳು ಬೇಕಾದಷ್ಟಿವೆ, ಇದ್ದರೂ ಬಿಇಒ ಕಚೇರಿಗೆ ನಿಯೋಜನೆ ಮೇಲೆ ಹೋಗಿರುತ್ತಾರೆ. ಬೀರುವಿನ ಬೀಗದ ಕೈ ಅವರ ಜೇಬಿನಲ್ಲೇ ಇದ್ದರೆ ಹೆಡ್‌ಮಾಸ್ಟರೂ ಏನು ಮಾಡಲಾರರು. ಹೊರಡುವ ಮೊದಲು ಫೋನ್ ಮಾಡಿ ಗುಮಾಸ್ತರು ಇದ್ದಾರೆಯೇ ಎಂದು ಕೇಳುವುದು ಮೇಲು, ಹೆಡ್‌ಮಾಸ್ಟರು ಇದ್ದಾರೆಯೇ ಎಂದಷ್ಟೇ ಕೇಳಿದರೆ ಸಾಲದು.

ಇನ್ನು ಜನ್ಮದಿನಾಂಕ. ರಿಜಿಸ್ಟರು ತೆರೆದರೆ ಜೂನ್ 1 ಎಂಬ ದಿನಾಂಕ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಶಾಲೆಗೆ ಸೇರಲು ವಯಸ್ಸು ಕೂಡಿಬರಲೆಂದು ಒಂದನೇ ತರಗತಿಯ ಮೇಷ್ಟ್ರು ಬರೆದುಕೊಂಡ ದಿನ ಅದು, ಹೈಸ್ಕೂಲು ಅದನ್ನೇ ನಕಲು ಮಾಡಿತು. ಈಗ ಆಧಾರ್‌ನಲ್ಲಿ ಬೇರೆ ದಿನ ಇದೆ, ತಿದ್ದಿಕೊಡಿ ಎಂದು ಹೆಡ್‌ಮಾಸ್ಟರ ಬಳಿ ವಾದ ಮಾಡಿ ಪ್ರಯೋಜನವಿಲ್ಲ. ಶಾಲೆ ಬಿಟ್ಟ ಮೇಲೆ ತಿದ್ದುವ ಅಧಿಕಾರ ಅವರಿಗಿಲ್ಲ, ಸಿವಿಲ್ ಕೋರ್ಟಿನ ಆದೇಶ ಬೇಕು. ಸರ್ಕಾರಿ ನೌಕರರಿಗೆ 1974ರ ವಯಸ್ಸು ನಿರ್ಧಾರದ ಕಾಯ್ದೆ ಇನ್ನೂ ಬಿಗಿ: ಸೇವೆಗೆ ಸೇರಿದ ಮೂರು ವರ್ಷದೊಳಗೆ ಕೇಳದಿದ್ದರೆ ಮುಗಿಯಿತು. ರಿಜಿಸ್ಟರನ್ನು ಒಪ್ಪಿಕೊಂಡು ಆಧಾರನ್ನು ಅದಕ್ಕೆ ಹೊಂದಿಸುವುದೇ ಹೆಚ್ಚಿನವರಿಗೆ ಅಗ್ಗದ ದಾರಿ. ಪಾಸ್‌ಪೋರ್ಟಿನ ಮಟ್ಟಿಗೆ, 2023ರ ಅಕ್ಟೋಬರ್ 1ಕ್ಕಿಂತ ಮೊದಲು ಹುಟ್ಟಿದವರಿಗೆ ಟಿ.ಸಿ. ಇಲ್ಲವೇ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ ಈಗಲೂ ನಡೆಯುತ್ತದೆ.

ಅಂಕಪಟ್ಟಿ ಕಳೆದುಕೊಂಡವರು ಶಾಲೆಯಲ್ಲೇ ಹೊಸದು ಸಿಗುತ್ತದೆ ಎಂದುಕೊಳ್ಳಬಾರದು. ಅದನ್ನು ಕೊಡುವುದು ಮಂಡಳಿ. 1966ರಿಂದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಆಗಿದ್ದದ್ದು 2022ರಲ್ಲಿ ಪಿಯು ಪರೀಕ್ಷೆಯನ್ನೂ ಸೇರಿಸಿಕೊಂಡು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಆಯಿತು. ಕಚೇರಿ ಮಲ್ಲೇಶ್ವರದಲ್ಲಿದೆ. ಅರ್ಜಿಗೆ ನೋಂದಣಿ ಸಂಖ್ಯೆ ಮತ್ತು ಪರೀಕ್ಷೆ ಬರೆದ ತಿಂಗಳು, ವರ್ಷ ಬೇಕು. ಹಳೆಯ ನಕಲು ಪ್ರತಿ ಮನೆಯ ಟ್ರಂಕಿನಲ್ಲಿದೆಯೇ ಎಂದು ಮೊದಲು ನೋಡಿ.

ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಪ್ರಮಾಣಪತ್ರ ಬೇಕಾದವರಿಗೆ ಓಡಾಟ ದುಪ್ಪಟ್ಟು. ಒಂದರಿಂದ ಹತ್ತರವರೆಗಿನ ಓದು ತೋರಿಸಬೇಕಾದ್ದರಿಂದ ಪ್ರಾಥಮಿಕ ಶಾಲೆಯದು ಬೇರೆ, ಹೈಸ್ಕೂಲಿನದು ಬೇರೆ, ಎರಡಕ್ಕೂ ಬಿಇಒ ಮೇಲುರುಜು. ಎರಡು ಶಾಲೆ ಎರಡು ತಾಲೂಕಿನಲ್ಲಿದ್ದರೆ ಎರಡು ಬಿಇಒ. ಒಂದೇ ದಿನದಲ್ಲಿ ಮುಗಿಸುತ್ತೇವೆಂದು ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬರುವವರಿಗೆ ಎರಡು ದಿನದ ರಜೆ ಹಾಕಿ ಬನ್ನಿ ಎನ್ನಬೇಕಾಗುತ್ತದೆ.

ಬಾಯಿಮಾತಿನಲ್ಲಿ ಕೇಳಬೇಡಿ, ಬಿಳಿಹಾಳೆಯಲ್ಲಿ ಅರ್ಜಿ ಬರೆದು ಒಂದು ನಕಲಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಹಣ ಕೇಳಿದರೆ ರಸೀದಿ ಕೇಳಿ. 'ರಿಜಿಸ್ಟರು ಸಿಗುತ್ತಿಲ್ಲ' ಎಂಬ ಉತ್ತರ ಮೂರನೇ ಸಲವೂ ಬಂದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನಿಮ್ಮ ಸಾಲಿನ ದೃಢೀಕೃತ ನಕಲು ಕೇಳಿ. 30 ದಿನದ ಗಡುವು ಇರುವುದರಿಂದ ಕಾಣೆಯಾದ ರಿಜಿಸ್ಟರು ಬೀರುವಿನ ಮೇಲೇ ಸಿಕ್ಕಿಬಿಡುವುದುಂಟು. ಹಾಳೆಯನ್ನು ಮೊಬೈಲಿನಲ್ಲಿ ಸೆರೆಹಿಡಿಯಲು ಹೋಗಬೇಡಿ, ಅದರಲ್ಲಿ ಬೇರೆ ಇಪ್ಪತ್ತು ಜನರ ಜಾತಿ, ಜನ್ಮದಿನಾಂಕ ಇರುತ್ತದೆ.

ತರಗತಿ ನೋಡುವ ಆಸೆ ಇದ್ದರೆ ಸಂಜೆ ಶಾಲೆ ಬಿಟ್ಟ ಮೇಲೆ ಕೇಳಿ ಹೋಗಿ. ಪಾಠದ ಮಧ್ಯೆ ಕಿಟಕಿಯಲ್ಲಿ ಇಣುಕಿದರೆ ಮೇಷ್ಟ್ರಿಗೂ ಮಕ್ಕಳಿಗೂ ಮುಜುಗರ. ಕಾಗದ ಕೈಗೆ ಬಂದ ಕೂಡಲೇ ಕಚೇರಿಯ ಬೆಂಚಿನ ಮೇಲೇ ಕೂತು ಓದಿ: ಹೆಸರಿನ ಕಾಗುಣಿತ, ತಂದೆಯ ಹೆಸರು, ಅಕ್ಷರದಲ್ಲಿ ಬರೆದ ದಿನಾಂಕ, ದುಂಡು ಮೊಹರು, ಸಹಿಯ ಕೆಳಗಿನ ಹುದ್ದೆಯ ಮುದ್ರೆ. ಒಂದು ಅಕ್ಷರ ತಪ್ಪಿದ್ದರೂ ಅಲ್ಲೇ ಬೇರೆ ಬರೆಸಿಕೊಳ್ಳಿ, ಮೇಲೆ ಗೀಚಿ ತಿದ್ದಿದ್ದನ್ನು ತಹಶೀಲ್ದಾರ್ ಕಚೇರಿ ವಾಪಸು ಕಳಿಸುತ್ತದೆ. ಮನೆಗೆ ಬಂದು ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಮುಂದೆ ದೃಢೀಕರಣದ ಸೀಲು ಹಾಕಬೇಕಾದಾಗ ಆ ಪ್ಲಾಸ್ಟಿಕ್ಕಿನ ಮೇಲೆ ಮಸಿ ನಿಲ್ಲುವುದಿಲ್ಲ.