ಮಡಚುವ ಕ್ವಾಡ್‌ಕಾಪ್ಟರ್ ಫ್ರೇಮ್: ಮೂರು ವರ್ಷ, 200 ಚಿಲ್ಲರೆ ಹಾರಾಟ, ನಾಲ್ಕು ಗನ್‌ಮೆಟಲ್ ಬುಷ್

ಪಾರ್ಸೆಲ್ ಬಂದ ಮರುದಿನವೇ ಈ ಫ್ರೇಮನ್ನು, ಅಂದರೆ ನಾಲ್ಕು ಮೋಟಾರಿನ ಡ್ರೋನಿನ ಅಸ್ಥಿಪಂಜರವನ್ನು, ಕೆಲಸಕ್ಕೆ ತಗೊಂಡು ಹೋಗಿದ್ದೆ. ಪೀಣ್ಯದಲ್ಲಿ ಟೂಲ್ ರೂಮಿನಲ್ಲಿ ಕೆಲಸ ನನ್ನದು. ಊಟದ ಬಿಡುವಿನಲ್ಲಿ ನಮ್ಮ ಹಿರಿಯ ಟರ್ನರ್ ಒಬ್ಬರು ತೋಳಿನ ತುದಿ ಹಿಡಿದು ಒಂದ್ಸಲ ಅಲ್ಲಾಡಿಸಿದರು. "ಏನಪ್ಪಾ, ಹಳೇ ಛತ್ರಿ ತರ ಪ್ಲೇ ಇದೆಯಲ್ಲ" ಅಂದರು. ಪ್ಲೇ ಅಂದರೆ ಕೀಲಿನ ಸಡಿಲ. ನಾನು ತೂಕ ನೋಡುತ್ತಿದ್ದೆ, ಕಾರ್ಬನ್ ಫೈಬರ್ ಹೊಳಪು ನೋಡುತ್ತಿದ್ದೆ. ಅವರು ಎರಡು ಸೆಕೆಂಡಿನಲ್ಲಿ ಹೇಳಿದ್ದು ನನ್ನ ತಲೆಗೆ ಹತ್ತೋಕೆ ಏಳು ತಿಂಗಳು ಬೇಕಾಯಿತು.

ವಸ್ತು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಇದು ರೆಡಿ ಡ್ರೋನ್ ಅಲ್ಲ, ಬರೀ ಫ್ರೇಮ್ ಕಿಟ್. ಡಬ್ಬದ ಮೇಲೆ ಕಂಪನಿ ಹೆಸರೇ ಇರಲಿಲ್ಲ, ಹಾಗಾಗಿ ಹೆಸರು ಕೇಳಬೇಡಿ. ಕಾರ್ಬನ್ ಪ್ಲೇಟಿನ ನಡುಭಾಗ, 16 ಮಿ.ಮೀ. ಕಾರ್ಬನ್ ಟ್ಯೂಬಿನ ನಾಲ್ಕು ತೋಳು, ಅಲ್ಯೂಮಿನಿಯಂ ಕೀಲು. ಎದುರುಬದುರು ಮೋಟಾರುಗಳ ನಡುವೆ 450 ಮಿ.ಮೀ. ಮಿಕ್ಕಿದ್ದೆಲ್ಲ ನಾನೇ ಸೇರಿಸಿದ್ದು: 10 ಇಂಚಿನ ಮಡಚುವ ಪ್ರೊಪೆಲ್ಲರ್, ಪಿಕ್ಸ್‌ಹಾಕ್ ಬೋರ್ಡಿನಲ್ಲಿ ಹಾರಾಟ ನಿಯಂತ್ರಿಸುವ ಆರ್ಡುಪೈಲಟ್ ಸಾಫ್ಟ್‌ವೇರ್, ಕ್ಯಾಮರಾ ವಾಲದಂತೆ ಹಿಡಿಯುವ ಮೂರು ಆಕ್ಸಿಸ್ ಗಿಂಬಲ್, ಅದರಲ್ಲೊಂದು ಆಕ್ಷನ್ ಕ್ಯಾಮರಾ, 4ಎಸ್ (ನಾಲ್ಕು ಸೆಲ್ಲಿನ) 5200 ಎಂಎಎಚ್ ಬ್ಯಾಟರಿ. ಎಲ್ಲಾ ಸೇರಿ 1.6 ಕೆ.ಜಿ.

ಕೊಂಡಿದ್ದು 2022ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಹೊರದೇಶದ ಡ್ರೋನ್ ಆಮದು ನಿಂತಿತ್ತು. ಬಿಡಿಭಾಗಗಳಿಗೆ ಮಾತ್ರ ತಡೆ ಇರಲಿಲ್ಲ. ಕಟ್ಟಿ ಕಲಿಯೋಣ ಅನ್ನುವ ಆಸೆ ಮೊದಲೇ ಇತ್ತು, ಇದೊಂದು ನೆಪ ಸಿಕ್ಕಿತು. ಮದುವೆ ಶೂಟಿಂಗ್ ಗೀಟಿಂಗ್ ಏನಿಲ್ಲ. ಮಧುಗಿರಿ ಕಡೆ ನಮ್ಮೂರು. ಕೆರೆ, ಬಂಡೆ ಬೆಟ್ಟ, ನಮ್ಮ ಕಡಲೆಕಾಯಿ ಹೊಲ, ಇಷ್ಟನ್ನು ಮೇಲಿಂದ ನೋಡುವ ಹುಚ್ಚು, ಅಷ್ಟೇ.

ಮಡಚಿದರೆ ಒಂದು ಅಡಿ ಉದ್ದ, ಹಿಡಿ ಅಗಲ. ಆಫೀಸ್ ಬ್ಯಾಗಿನಲ್ಲಿ ಟಿಫನ್ ಡಬ್ಬಿ ಪಕ್ಕ ಕೂರುತ್ತದೆ. ಇದಕ್ಕಿಂತ ಮುಂಚೆ ಇದ್ದ ಗಟ್ಟಿ ಫ್ರೇಮಿನ ಡ್ರೋನ್ ಒಯ್ಯಲು ಥರ್ಮಾಕೋಲ್ ಪೆಟ್ಟಿಗೆ ಬೇಕಿತ್ತು. ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ನೂರು ಕಿಲೋಮೀಟರ್ ಹೋಗುವುದು ಯಾರಿಗೂ ಬೇಡ. ಹಾಗಾಗಿ ಅದು ಮನೆಯಲ್ಲೇ ಇರುತ್ತಿತ್ತು. ಇದು ಪ್ರತಿ ಸಲ ಊರಿಗೆ ಬರುತ್ತದೆ. ಈ ಒಂದು ವಿಷಯಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಈಗ ಕೀಲಿಗೆ ಬರೋಣ. ಮಡಚುವ ಡ್ರೋನ್ ಅಂದರೆ ಎಲ್ಲರೂ ಮಡಚುವುದನ್ನೇ ತೋರಿಸುತ್ತಾರೆ. ಮಡಚುವುದು ಸುಲಭ. ಬಿಚ್ಚಿದ ತೋಳು ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಅಲ್ಲಾಡದೆ ನಿಲ್ಲಬೇಕು, ಅಲ್ಲಿದೆ ಕಷ್ಟ. ಈ ಕಿಟ್ಟಿನಲ್ಲಿ ತೋಳು ತಿರುಗುವುದು ಒಂದು ಎಂ3 (3 ಮಿ.ಮೀ.) ಬೋಲ್ಟಿನ ಮೇಲೆ. ಬೋಲ್ಟಿನ ಮರೆಯೇ (ಥ್ರೆಡ್) ಅಲ್ಯೂಮಿನಿಯಂ ತೂತಿನೊಳಗೆ ಉಜ್ಜುತ್ತದೆ. ಅದರಿಂದ 20 ಮಿ.ಮೀ. ಆಚೆ ಒಂದು ಸ್ಪ್ರಿಂಗ್ ಪಿನ್ನು, ಅದೇ ಲಾಕ್. ಮೋಟಾರ್ ಇರುವುದು 180 ಮಿ.ಮೀ. ದೂರದಲ್ಲಿ. ಅಂದರೆ ಪಿನ್ನಿನ ಹತ್ತಿರ 0.1 ಮಿ.ಮೀ. ಸಡಿಲ ಇದ್ದರೆ ಮೋಟಾರ್ ಹತ್ತಿರ ಅದರ ಒಂಬತ್ತರಷ್ಟು, ಹೆಚ್ಚುಕಡಿಮೆ ಒಂದು ಮಿಲಿಮೀಟರ್. ನಮ್ಮ ಟರ್ನರ್ ಹಿಡಿದಿದ್ದು ತುದಿಯನ್ನೇ, ಅಲ್ವಾ?

ಅದರಿಂದ ವಿಡಿಯೋಗೆ ಏನಾಗುತ್ತದೆ ಅಂತ ಕೇಳಬಹುದು. 10 ಇಂಚಿನ ಪ್ರೊಪೆಲ್ಲರ್ ನಿಂತಲ್ಲೇ ಹಾರುವಾಗ ನಿಮಿಷಕ್ಕೆ 5,000ದಿಂದ 6,000 ಸುತ್ತು ತಿರುಗುತ್ತದೆ. ಸೆಕೆಂಡಿಗೆ 80ರಿಂದ 100. ಎರಡು ಎಲೆಗಳ ತೂಕದಲ್ಲಿ ಚೂರು ವ್ಯತ್ಯಾಸ ಇದ್ದರೂ ಪ್ರತಿ ಸುತ್ತಿಗೆ ಒಂದು ತಳ್ಳು. ಆ ತಳ್ಳು ಬರುವುದು ಅಡ್ಡಡ್ಡಕ್ಕೆ. ನಮ್ಮ ಕೀಲು ಸಡಿಲ ಇರುವುದೂ ಅಡ್ಡಡ್ಡಕ್ಕೇ. ಕ್ಯಾಮರಾ ಸೆನ್ಸರ್ ಚಿತ್ರವನ್ನು ಒಂದೇ ಸಲಕ್ಕೆ ತೆಗೆಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಕ್ಯಾಮರಾ ನಡುಗಿರುತ್ತದೆ. ಆಗ ತೆಂಗಿನ ಮರಗಳೆಲ್ಲ ನೀರೊಳಗೆ ನಿಂತ ಹಾಗೆ ಬಳುಕುತ್ತವೆ. ಇದಕ್ಕೇ ಜೆಲ್ಲೋ ಅನ್ನುವುದು. ಗಿಂಬಲ್ ಇದನ್ನು ನಿಲ್ಲಿಸಲ್ಲ. ಡ್ರೋನ್ ವಾಲಿದರೆ ಅದು ಸರಿಮಾಡುತ್ತದೆ, ಸೆಕೆಂಡಿಗೆ ನೂರು ಸಲದ ನಡುಕ ಅದರ ಕೈಗೆ ಸಿಗುವುದಿಲ್ಲ.

ಮೊದಲ ಏಳು ತಿಂಗಳು ನಾನು ತಪ್ಪು ಜಾಗದಲ್ಲಿ ಹುಡುಕಿದೆ. ಗಿಂಬಲ್ಲಿನ ರಬ್ಬರ್ ಉಂಡೆ ಬದಲಾಯಿಸಿದೆ. ಪ್ರೊಪೆಲ್ಲರಿಗೆ ಸೆಲ್ಲೋಟೇಪ್ ಅಂಟಿಸಿ ಬ್ಯಾಲೆನ್ಸ್ ಮಾಡಿದೆ. ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಜು) ಹಾಕಿ ಶಟರ್ ವೇಗ 1/50 ಸೆಕೆಂಡಿಗೆ ಇಳಿಸಿದೆ. ಇದರಿಂದ ಸ್ವಲ್ಪ ಕಡಿಮೆ ಆದಂತೆ ಕಂಡಿತು. ನಿಜದಲ್ಲಿ ನಡುಕ ಹೋಗಿರಲಿಲ್ಲ, ಮಸುಕಿನಲ್ಲಿ ಮುಚ್ಚಿಹೋಗಿತ್ತು ಅಷ್ಟೇ. ಕೊನೆಗೆ ಹಾರಾಟದ ಲಾಗ್ (ದಾಖಲೆ) ತೆಗೆದು ನೋಡಿದೆ. ಆರ್ಡುಪೈಲಟ್ ನಡುಕದ ಅಳತೆಯನ್ನೂ ಬರೆದಿಡುತ್ತದೆ. 30ರ ಒಳಗಿದ್ದರೆ ಪರವಾಗಿಲ್ಲ, 60 ದಾಟಿದರೆ ಅಪಾಯ. ನನ್ನದು 40ರ ಆಸುಪಾಸು. ಇನ್ನೊಂದು ವಿಚಿತ್ರವೂ ಕಂಡಿತು. ಎಷ್ಟು ಜೋರಾಗಿ ಸುತ್ತಬೇಕು ಅಂತ ಬೋರ್ಡ್ ಕಳಿಸುವ ಅಂಕಿ 1 ಮತ್ತು 2ನೇ ಮೋಟಾರಿಗೆ 1540 ಹೋಗುತ್ತಿದ್ದರೆ 3 ಮತ್ತು 4ಕ್ಕೆ 1460. ಈ ಜೋಡಿಗಳು ಒಂದಕ್ಕೊಂದು ಮೂಲೆಗೆ ಎದುರು ಇರುವಂಥವು, ಒಂದೊಂದು ಜೋಡಿ ಒಂದೊಂದು ದಿಕ್ಕಿಗೆ ಸುತ್ತುತ್ತದೆ. ಅವೆರಡರ ನಡುವೆ ಇಷ್ಟು ವ್ಯತ್ಯಾಸ ಬಂದರೆ ಎಲ್ಲೋ ಒಂದು ಮೋಟಾರ್ ಓರೆ ನಿಂತಿದೆ ಅಂತ ಅರ್ಥ. ಡ್ರೋನ್ ಗಿರಕಿ ಹೊಡೆಯದ ಹಾಗೆ ಬೋರ್ಡ್ ಪೂರಾ ಹೊತ್ತು ಎದುರು ತಳ್ಳುತ್ತಲೇ ಇರುತ್ತದೆ. ಹುಡುಕಿದರೆ, ಮುಂದಿನ ಬಲ ತೋಳಿನ ಟ್ಯೂಬ್ ಕ್ಲಾಂಪಿನೊಳಗೆ ಸುಮಾರು ಎರಡು ಡಿಗ್ರಿ ತಿರುಗಿತ್ತು. ಕಣ್ಣಿಗೆ ಕಾಣುವಂಥದ್ದಲ್ಲ.

ಅಷ್ಟರಲ್ಲೇ ಬೀಳಿಸಿಯೂ ಆಯಿತು. ಮೋಟಾರಿನ ಮೂರು ವೈರ್ ಕೀಲಿನ ಮೂಲೆಯಲ್ಲೇ ಹಾದು ಹೋಗುತ್ತವೆ. ನಾನು ನೀಟಾಗಿ ಕಾಣಲಿ ಅಂತ ಎಳೆದು ಬಿಗಿಯಾಗಿ ಟೈ ಹಾಕಿದ್ದೆ. ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಒಳಗೆ ತಾಮ್ರದ ಎಳೆಗಳು ಒಂದೊಂದಾಗಿ ಕಡಿದಿವೆ. ಹೊರಗೆ ಸಿಲಿಕಾನ್ ಹೊದಿಕೆ ಹೊಸದರಂತೆಯೇ ಇತ್ತು. ಒಂದು ಬೆಳಗ್ಗೆ ಹತ್ತು ಮೀಟರ್ ಎತ್ತರದಲ್ಲಿ ಮೋಟಾರ್ ತೊದಲಿತು, ನಿಂತಿತು. ನಾಲ್ಕರಲ್ಲಿ ಒಂದು ಹೋದರೆ ಕ್ವಾಡ್‌ಕಾಪ್ಟರ್ ಬುಗುರಿ ಆಗುತ್ತದೆ. ನಮ್ಮ ಹೊಲದಲ್ಲೇ ಬಿತ್ತು, ಪುಣ್ಯ. ಬದುವಿನ ಮೇಲೆ ಕೂತಿದ್ದ ಅಪ್ಪ, "ಮಳೆ ಬೀಳಲಿ ಅಂತ ಕಾಯ್ತಿದ್ರೆ ಇದು ಬಿತ್ತಲ್ಲೋ" ಅಂದರು. ಒಂದು ತೋಳು ಮುರಿದಿತ್ತು, ಗಿಂಬಲ್ ಹೋಗಿತ್ತು. ಈಗ ಕೀಲಿನ ಹತ್ತಿರ ವೈರನ್ನು ಸಡಿಲವಾಗಿ ಒಂದು ಸುತ್ತು ಬಿಟ್ಟಿದ್ದೇನೆ. ನೋಡೋಕೆ ಚೆನ್ನಾಗಿಲ್ಲ. ಎರಡು ವರ್ಷದಿಂದ ತೊಂದರೆಯೂ ಇಲ್ಲ.

ಮತ್ತೆ ಕಟ್ಟುವಾಗ ನಾಲ್ಕೂ ಕೀಲು ಬಿಚ್ಚಿದೆ. ತೂತನ್ನು ದೊಡ್ಡದು ಮಾಡಿ, ನುಣುಪಾಗಿಸಲು ರೀಮರ್ ಹಾಕಿ, ಗನ್‌ಮೆಟಲ್ ಬುಷ್ (ತೂತಿನೊಳಗೆ ಕೂರುವ ಲೋಹದ ಬಳೆ) ಒತ್ತಿದೆ. ಎಂ3 ಬೋಲ್ಟ್ ಬದಲು 4 ಮಿ.ಮೀ. ನುಣುಪಾದ ಡವೆಲ್ ಪಿನ್. ಲಾಕಿಗೆ ತುದಿಗೆ ಸಣ್ಣಗಾಗುತ್ತಾ ಹೋಗುವ ಟೇಪರ್ ಪಿನ್. ನೇರ ಪಿನ್ ಸವೆದರೆ ಸಡಿಲ ಆಗುತ್ತದೆ. ಟೇಪರ್ ಸವೆದರೆ ಸ್ಪ್ರಿಂಗ್ ಅದನ್ನು ಇನ್ನಷ್ಟು ಒಳಗೆ ತಳ್ಳುತ್ತದೆ, ಹಿಡಿತ ಹಾಗೇ ಇರುತ್ತದೆ. ಕಿಟ್ ಮಾಡಿದವರು ಇಷ್ಟು ಮಾಡಿದ್ದರೆ ಹೆಚ್ಚಿಗೆ ಖರ್ಚೇನೂ ಆಗುತ್ತಿರಲಿಲ್ಲ. ಮುಂದಿನ ಹಾರಾಟದಲ್ಲಿ ನಡುಕ 40ರಿಂದ 15ಕ್ಕೆ ಇಳಿಯಿತು. ತೆಂಗಿನ ಮರಗಳು ನೆಟ್ಟಗೆ ನಿಂತವು. ವಿಡಿಯೋವನ್ನು ನಮ್ಮ ಟರ್ನರಿಗೆ ತೋರಿಸಿದೆ. ಅವರು ವಿಡಿಯೋ ನೋಡಲಿಲ್ಲ, ತೋಳಿನ ತುದಿ ಅಲ್ಲಾಡಿಸಿ ನೋಡಿದರು. "ಹ್ಞೂಂ" ಅಂದರು.

ಕೀಲಿನ ಕಥೆ ಜಾಸ್ತಿ ಆಯಿತು, ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ. ಜಿಪಿಎಸ್ ಕಂಬವೂ ಮಡಚುತ್ತದೆ. ಅದರ ತಲೆಯಲ್ಲೇ ದಿಕ್ಸೂಚಿ ಇರುವುದರಿಂದ ನಿಲ್ಲಿಸುವಾಗ ಚೂರು ತಿರುಗಿದರೂ ಡ್ರೋನಿಗೆ ದಿಕ್ಕು ತಪ್ಪುತ್ತದೆ. ಒಂದು ಸಲ ಸುಮ್ನೆ ನಿಲ್ಲು ಅಂದರೆ ದೊಡ್ಡದಾಗುತ್ತಾ ಹೋಗುವ ಸುತ್ತು ಹೊಡೆಯಿತು. ಕಂಬದ ಬುಡಕ್ಕೂ ಪ್ಲೇಟಿಗೂ ಸೇರಿಸಿ ಒಂದು ಗೀರು ಹಾಕಿದ್ದೇನೆ. ಗೀರಿಗೆ ಗೀರು ಕೂಡಿದರೆ ಮಾತ್ರ ಹಾರಿಸುವುದು.

ಬ್ಯಾಟರಿ ಕಟ್ಟಲು ಕಿಟ್ಟಿನಲ್ಲಿ ಕೊಟ್ಟಿದ್ದು ಒಂದೇ ಪಟ್ಟಿ. ನಾನು ಎರಡು ಹಾಕುತ್ತೇನೆ. 2016ರ ಸೆಪ್ಟೆಂಬರಿನಲ್ಲಿ ಗೋಪ್ರೋದವರ ಕರ್ಮ, ಡಿಜೆಐಯವರ ಮ್ಯಾವಿಕ್ ಪ್ರೊ, ಎರಡೂ ಮಡಚುವ ಡ್ರೋನುಗಳು ಪ್ರಕಟವಾದವು. ಹಾರುವಾಗಲೇ ಕರೆಂಟ್ ಹೋಗಿ ಬೀಳುತ್ತಿವೆ ಅಂತ ನವೆಂಬರಿನಲ್ಲಿ ಸುಮಾರು 2,500 ಕರ್ಮಗಳನ್ನು ವಾಪಸ್ ಕರೆಸಿಕೊಂಡರು. ಕಾರಣ, ಬ್ಯಾಟರಿ ಹಿಡಿಯುವ ಚಿಲಕ. ಅಷ್ಟು ದೊಡ್ಡ ಕಂಪನಿಯ ಡ್ರೋನಿಗೇ ಹೀಗಾದ ಮೇಲೆ ನನ್ನ ಒಂದು ಪಟ್ಟಿಯನ್ನು ನಂಬುವುದು ಹೇಗೆ? ಮ್ಯಾವಿಕ್ ಪ್ರೊ 734 ಗ್ರಾಂ, ನನ್ನದರ ಅರ್ಧಕ್ಕಿಂತ ಕಡಿಮೆ. ಅದರ ಮುಂದಿನ ತೋಳು ಪಕ್ಕಕ್ಕೆ, ಹಿಂದಿನದು ಕೆಳಕ್ಕೆ ಮಡಚುತ್ತವೆ, ಹಾಗಾಗಿ ಒಂದಕ್ಕೊಂದು ತಾಗಲ್ಲ. ನನ್ನದರಲ್ಲಿ ನಾಲ್ಕೂ ಪಕ್ಕಕ್ಕೇ. ಮಡಚುವ ಕ್ರಮ ತಪ್ಪಿದರೆ ಪ್ರೊಪೆಲ್ಲರಿಗೆ ಗೀರು.

ಹೊಸದರಲ್ಲಿ 18 ನಿಮಿಷ ಹಾರುತ್ತಿತ್ತು, ಈಗ ಅದೇ ಬ್ಯಾಟರಿಯಲ್ಲಿ 14. ತಪ್ಪು ನನ್ನದೇ, ಎರಡು ಸಲ ಪೂರ್ತಿ ಚಾರ್ಜ್ ಮಾಡಿ ಮಳೆ ಅಂತ ಹಾರಿಸದೆ ವಾರಗಟ್ಟಲೆ ಇಟ್ಟಿದ್ದೆ. ಹಾರಿಸದಿದ್ದರೆ ಸೆಲ್ಲಿಗೆ 3.8 ವೋಲ್ಟಿಗೆ ಇಳಿಸಿ ಇಡಬೇಕು. ಇನ್ನು ಬೈಕಿನ ಕುಲುಕಾಟಕ್ಕೆ ಸ್ಕ್ರೂ ಬಿಚ್ಚಿಕೊಳ್ಳುತ್ತವೆ. ಸ್ಕ್ರೂ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ಒಂದು ಹನಿ ಸಾಕು, ಕೆಂಪು ಹಾಕಿದರೆ ಆಮೇಲೆ ಬಿಚ್ಚೋಕಾಗದೆ ಒದ್ದಾಡುತ್ತೀರಿ.

ಹದ್ದಿನ ಕಾಟ ಇದೆ. ಅದು ಬಂದರೆ ಕೆಳಗಿಳಿಸಬೇಡಿ, ನೆಟ್ಟಗೆ ಮೇಲಕ್ಕೆ ಏರಿಸಿ. ಹಾಗೆ ಏರೋಕೆ ಅದಕ್ಕೆ ಆಗಲ್ಲ. ಆದರೆ 120 ಮೀಟರಿನ ಮಿತಿ ನೆನಪಿರಲಿ. 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲೂ ಅಷ್ಟೇ ಎತ್ತರ. ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹಾರಿಸಬೇಡಿ. ಇದು 250 ಗ್ರಾಂ ದಾಟಿದ್ದು, ಮೇಲಾಗಿ ಕೈಯಲ್ಲಿ ಕಟ್ಟಿದ್ದು. ಹಾಗಾಗಿ ನಾನಂತೂ ಕಲಿಯೋಕೆ, ಹವ್ಯಾಸಕ್ಕೆ ಮಾತ್ರ, ಕಣ್ಣಿಗೆ ಕಾಣುವ ದೂರದಲ್ಲಿ ಹಾರಿಸುತ್ತೇನೆ. ಇದನ್ನಿಟ್ಟುಕೊಂಡು ದುಡ್ಡಿಗೆ ಶೂಟಿಂಗ್ ಮಾಡುತ್ತೇನೆ ಅನ್ನುವವರು ತಗೋಬೇಡಿ, ಅದಕ್ಕೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಸಿಕ್ಕ ಮಾನ್ಯತಾ ಪತ್ರ) ಇರುವ ಡ್ರೋನ್ ನೋಡಿ.

ಐದಕ್ಕೆ ಎಷ್ಟು ಅಂತ ಕೇಳಿದರೆ, ಬಂದ ಹಾಗೇ ಬಳಸುವವರಿಗೆ ಎರಡು. ಲೇತ್ ಇರುವವರು, ಇಲ್ಲಾ ಲೇತಿನವರ ಸ್ನೇಹ ಇರುವವರು ನಾಲ್ಕು ಕೊಡಬಹುದು. ಹೋದ ಭಾನುವಾರ ಹಿಂದಿನ ಎಡ ತೋಳಿನ ಬುಷ್ ಹೊರಗೆ ತೆಗೆದು ಅಳೆದೆ. 0.04 ಮಿ.ಮೀ. ಸವೆದಿದೆ. ದೀಪಾವಳಿಗೆ ಊರಿಗೆ ಹೊರಡುವ ಮುಂಚೆ ಲೇತಿನಲ್ಲಿ ಹೊಸದೊಂದು ತಿರುಗಿಸಿಕೊಳ್ಳಬೇಕು.