ಅಗ್ಗದ ಮ್ಯಾಗಜೀನ್: ಯಾವುದು ನಡೆಯುತ್ತದೆ, ಯಾವುದು ಕೈ ಕೊಡುತ್ತದೆ

ಗ್ಲಾಕ್ 17 ಪಿಸ್ತೂಲಿಗೆ ಕಂಪನಿಯದೇ ಮ್ಯಾಗಜೀನ್ (ಗುಂಡು ತುಂಬಿಡುವ ಡಬ್ಬಿ) ಸಿಗುವಾಗ ಬೇರೆಯವರು ಮಾಡಿದ್ದನ್ನು ಯಾಕೆ ಕೊಳ್ಳಬೇಕು? ದುಡ್ಡು ಉಳಿಯುತ್ತದೆ, ಅಷ್ಟೇ. ಅಭ್ಯಾಸಕ್ಕೆ ಹೋದಾಗ ಕೈಯಲ್ಲಿ ಜಾಸ್ತಿ ಮ್ಯಾಗಜೀನ್ ಇದ್ದರೆ ಸುಮ್ನೆ ನಿಂತು ತುಂಬುತ್ತಾ ಇರುವುದು ತಪ್ಪುತ್ತದೆ. ಅದಕ್ಕೇ ಮೂರು ಬಗೆಯವನ್ನು ಒಂದೇ ಪಿಸ್ತೂಲಿಗೆ ಹಾಕಿ ನೋಡಿದೆ: ಕಂಪನಿಯದು, ಒಳಗೆ ಉಕ್ಕಿನ ತಗಡು ಇರುವ ಅಗ್ಗದ್ದು, ತಗಡೇ ಇಲ್ಲದ ಬರೀ ಪಾಲಿಮರ್‌ನದು. 9 ಎಂಎಂ ಗುಂಡೂ ಒಂದೇ ಬಗೆಯದು, ಇಲ್ಲದಿದ್ದರೆ ಜಾಮ್ ಆದಾಗ ತಪ್ಪು ಗುಂಡಿನದೋ ಮ್ಯಾಗಜೀನಿನದೋ ಗೊತ್ತಾಗುವುದಿಲ್ಲ.

ಕಂಪನಿಯದರ ಬಗ್ಗೆ ಹೇಳುವುದು ಕಡಿಮೆ. ಹೊಸದರಲ್ಲಿ 17ನೇ ಗುಂಡು ತುರುಕಲು ಹೆಬ್ಬೆರಳು ನೋಯುತ್ತದೆ. ಆಮೇಲೆ ಯಾವ ತಕರಾರೂ ಇಲ್ಲ.

ಬರೀ ಪಾಲಿಮರ್‌ನದು ಗುಂಡನ್ನು ಚೆನ್ನಾಗಿಯೇ ಮೇಲೆ ಕೊಟ್ಟಿತು, ಅದರಲ್ಲಿ ಸುಳ್ಳಿಲ್ಲ. ತೊಂದರೆ ಬೇರೆ ಕಡೆ. ತುಂಬಿಟ್ಟರೆ ಪಕ್ಕಗಳು ಸ್ವಲ್ಪ ಉಬ್ಬುತ್ತವೆ, ಆಗ ಬಟನ್ ಒತ್ತಿದರೂ ತಾನಾಗಿ ಬೀಳುವುದಿಲ್ಲ, ಬಾಣಂತಿ ಎಮ್ಮೆ ಎಬ್ಬಿಸಿದ ಹಾಗೆ ಹಿಡಿದು ಎಳೆಯಬೇಕು. ಕೊನೆಯ ಗುಂಡು ಹೋದ ಮೇಲೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ, ಹಿಂದೆ ನಿಲ್ಲಬೇಕಲ್ವಾ, ಅದೂ ಆಗಾಗ ನಿಲ್ಲಲಿಲ್ಲ.

ತಗಡು ಇರುವ ಅಗ್ಗದ್ದೇ ನಿಜವಾದ ಕುತೂಹಲದ ವಿಷಯ. ಕವಚ ಗಟ್ಟಿ, ಗುಂಡನ್ನು ಹಿಡಿಯುವ ತುಟಿಗಳೂ ನೇರ, ಕೈಯಲ್ಲಿ ಹಿಡಿದರೆ ಕಂಪನಿಯದರಂತೆಯೇ ಇದೆ. ಆದರೆ ಒಟ್ಟಿಗೆ ಕೊಂಡವುಗಳಲ್ಲೇ ಒಂದು ಸರಿ, ಇನ್ನೊಂದರಲ್ಲಿ ಕೊನೆಯ ಗುಂಡುಗಳು ಮೂತಿ ಕೆಳಗೆ ಹಾಕಿ ಸಿಕ್ಕಿಕೊಳ್ಳುತ್ತವೆ. ಬಿಚ್ಚಿ, ಕಂಪನಿಯ ಮ್ಯಾಗಜೀನಿನ ಸ್ಪ್ರಿಂಗನ್ನು ಅದಕ್ಕೆ ಹಾಕಿದೆ, ಜಾಮ್ ಮಾಯ. ಅಂದರೆ ಇವರು ದುಡ್ಡು ಉಳಿಸಿದ್ದು ಸ್ಪ್ರಿಂಗ್‌ನಲ್ಲಿ. ಅಂದ ಹಾಗೆ, ತುಂಬಿಟ್ಟರೆ ಸ್ಪ್ರಿಂಗ್ ಸತ್ತುಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ, ಆದರೆ ಒಳ್ಳೆಯ ಸ್ಪ್ರಿಂಗ್ ಹೆಚ್ಚಾಗಿ ಸವೆಯುವುದು ಮತ್ತೆ ಮತ್ತೆ ತುಂಬಿ ಖಾಲಿ ಮಾಡುವುದರಿಂದ.

ಎಆರ್-15 ರೈಫಲಿನಲ್ಲಿ ಈ ತಲೆನೋವು ಕಡಿಮೆ. ಸೇನೆಯ ಮಾದರಿಯ 30 ಗುಂಡಿನ ಅಲ್ಯೂಮಿನಿಯಂ ಮ್ಯಾಗಜೀನನ್ನು ಎಷ್ಟೋ ಕಾರ್ಖಾನೆಗಳು ಮಾಡುತ್ತವೆ, ಅಗ್ಗದ್ದೂ ನನಗೆ ಚೆನ್ನಾಗಿ ನಡೆದಿದೆ. ಒಳಗಿನ ಫಾಲೋವರ್, ಅಂದರೆ ಸ್ಪ್ರಿಂಗ್ ಮೇಲೆ ಕೂತು ಗುಂಡನ್ನು ಮೇಲೆ ತಳ್ಳುವ ತುಂಡು, ಅದನ್ನು ಮಾತ್ರ ನೋಡಿಕೊಳ್ಳಿ. ಬೆರಳಲ್ಲಿ ಮುಂದಿನ ತುದಿಯನ್ನು ಒತ್ತಿದಾಗ ಅದು ವಾಲಿದರೆ ಬೇಡ, ವಾಲದ ಫಾಲೋವರ್ ಬೇರೆಯಾಗಿಯೇ ಸಿಗುತ್ತದೆ.

.22 ಎಂಬ ಸಣ್ಣ ಗುಂಡಿನ ಬಂದೂಕಿಗೆ ಬಂದರೆ ನಾನು ರಾಜಿ ಆಗುವುದೇ ಇಲ್ಲ. ಆ ಗುಂಡಿನ ಬುಡದಲ್ಲಿ ಅಂಚು ಹೊರಗೆ ಚಾಚಿರುತ್ತದೆ, ಮೇಲಿನ ಗುಂಡಿನ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಅಲ್ಲಿಗೆ ಮುಗಿಯಿತು. 1964ರಲ್ಲಿ ಬಂದ ರೂಗರ್ 10/22 ರೈಫಲಿನ 10 ಗುಂಡಿನ ತಿರುಗುವ ಮ್ಯಾಗಜೀನಿನಲ್ಲಿ ಒಂದೊಂದು ಗುಂಡಿಗೂ ತನ್ನದೇ ಜಾಗ ಇದೆ, ಹಾಗಾಗಿ ಆ ಕಾಟವಿಲ್ಲ. ಹೆಚ್ಚು ಗುಂಡು ಹಿಡಿಯುವ ಅಗ್ಗದ ಉದ್ದನೆಯವು ನನಗೆ ಜಾಮ್ ಬಿಡಿಸುವ ಕೆಲಸವನ್ನೇ ಜಾಸ್ತಿ ಕೊಟ್ಟವು.

ಈಗ ಎಲ್ಲದರ ಬುಡದಲ್ಲೂ ಪೇಂಟ್ ಪೆನ್ನಿನಿಂದ ನಂಬರ್ ಬರೆದಿದ್ದೇನೆ. ಒಂದೇ ನಂಬರ್ ಮತ್ತೆ ಮತ್ತೆ ಕೈ ಕೊಟ್ಟರೆ ಸ್ಪ್ರಿಂಗ್ ಬದಲಾಯಿಸುತ್ತೇನೆ, ಆಗಲೂ ಸರಿಹೋಗದಿದ್ದರೆ ಅದು ಡಮ್ಮಿ (ಸಿಡಿಯದ) ಗುಂಡಿನ ಅಭ್ಯಾಸದ ಚೀಲಕ್ಕೆ ಹೋಗುತ್ತದೆ. ಆತ್ಮರಕ್ಷಣೆಗೆ ಅಂತ ತುಂಬಿಡುವುದು ಕಂಪನಿಯದನ್ನು ಮಾತ್ರ.